ಹೇಳಿ ಮಾಡಿಸಿದ ರೈಫಲನ್ನು ಬಿಚ್ಚಿ ಮತ್ತೆ ಕಟ್ಟಿದ ದಾಖಲೆ

ನೋ-ಗೋ ಗೇಜನ್ನು, ಎಂದರೆ ಬೋಲ್ಟು ಮುಚ್ಚಕೂಡದೆಂಬ ಅಳತೆಗೆ ಮಾಡಿದ ಉಕ್ಕಿನ ತುಂಡನ್ನು, ತೋಟಾ ಕೂರುವ ಚೇಂಬರಿನಲ್ಲಿ ಕೂರಿಸಿ, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಹಿಡಿಯನ್ನು ಒಂದೇ ಬೆರಳಿನಿಂದ ಕೆಳಗೆ ಒತ್ತಿದೆ. ಅದು ಎಲ್ಲಿಯೂ ತಡೆಯದೆ ಪೂರ್ತಿ ಇಳಿದು ಮುಚ್ಚಿಕೊಂಡಿತು. ಹೊಸ ರೈಫಲಿನಲ್ಲಿ ಹೀಗಾಗಕೂಡದು. 4,200 ಡಾಲರ್ ಕೊಟ್ಟು, 17 ತಿಂಗಳು ಕಾದು ತರಿಸಿಕೊಂಡ ರೈಫಲು ಮೊದಲ ಗುಂಡು ಹಾರುವ ಮುಂಚೆಯೇ ಅಡಿಗೆಮನೆಯ ಮೇಜಿನ ಮೇಲೆ ಸೋತುಹೋಗಿತ್ತು. ಅದನ್ನು ಕಟ್ಟಿದವರು ಅದರ ಹೊಣೆಯನ್ನು ಒಪ್ಪಿಕೊಳ್ಳಲಿಲ್ಲ. ಕೊನೆಗೆ ನಾನೂ ಇನ್ನೊಬ್ಬ ಕೆಲಸಗಾರರೂ ಸೇರಿ ಅದನ್ನು ಹೇಗೆ ಸರಿಪಡಿಸಿದೆವು ಎಂಬುದನ್ನು, ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡ ಅಳತೆಗಳ ಸಹಿತ, ಇಲ್ಲಿ ದಾಖಲಿಸುತ್ತಿದ್ದೇನೆ.

ನಾನು ಕೊಡಗಿನವನು. ಮನೆಯಲ್ಲಿ ಅಪ್ಪನ ಜೋಡಿನಳಿಗೆ ತೋಟಾ ಕೋವಿ ಇದೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದ ದಿನ ಅದಕ್ಕೆ ತೋಕ್‌ಪೂ ಎಂಬ ಹೂವು ಮುಡಿಸಿ ಪೂಜೆ ಮಾಡಿ, ಆಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವುದನ್ನು ನೋಡುತ್ತಲೇ ಬೆಳೆದವನು. ಓದು ಮುಗಿದ ಮೇಲೆ ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ನಾಲ್ಕು ವರ್ಷ ಲೇತು, ಗ್ರೈಂಡರುಗಳ ನಡುವೆ ಕಳೆದು, ಅಲ್ಲಿಂದ ಅಮೆರಿಕದ ಓಹಾಯೋ ರಾಜ್ಯಕ್ಕೆ ಬಂದೆ. ಇಲ್ಲಿ ತಾತ್ಕಾಲಿಕ ಕೆಲಸದ ವೀಸಾದ ಮೇಲಿರುವವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಒಕ್ಕೂಟ ಕಾನೂನಿನಲ್ಲಿ ಕೆಲವೇ ವಿನಾಯಿತಿಗಳಿರುವ ನಿಷೇಧವಿರುವುದರಿಂದ, ಗ್ರೀನ್ ಕಾರ್ಡು ಕೈಗೆ ಬರುವವರೆಗೂ ಆ ಆಸೆಯನ್ನು ಮಡಚಿಟ್ಟಿದ್ದೆ. ಈರೀ ಸರೋವರದ ದಂಡೆಯ ಕ್ಯಾಂಪ್ ಪೆರಿಯಲ್ಲಿ 1907ರಿಂದ ರಾಷ್ಟ್ರೀಯ ಗುರಿಕಾರಿಕೆ ಪಂದ್ಯಗಳು ನಡೆಯುತ್ತ ಬಂದಿವೆ. ಅಲ್ಲಿಗೆ ಮೊದಲ ಸಲ ಪ್ರೇಕ್ಷಕನಾಗಿ ಹೋಗಿ ಬಂದ ಮೇಲೆ, ನನ್ನದೇ ಒಂದು ರೈಫಲು ಬೇಕು, ಅದಕ್ಕೆ ಅಪ್ಪನ ಕೋವಿಯ ಹಾಗೆ ವಾಲ್ನಟ್ ಮರದ ಸ್ಟಾಕ್ (ಹಿಡಿಯೂ ಬುಡವೂ ಸೇರಿದ ಮರದ ಮೈ) ಇರಬೇಕು ಎಂದು ನಿಶ್ಚಯಿಸಿದೆ.

ಬೇರೆ ರಾಜ್ಯದಲ್ಲಿರುವ, ಪರವಾನಗಿಯುಳ್ಳ ಒಬ್ಬ ತಯಾರಕರಿಗೆ 2022ರ ಮಾರ್ಚಿನಲ್ಲಿ ನನ್ನ ಬಳಿಯಿದ್ದ ರೆಮಿಂಗ್‌ಟನ್ 700 ಶಾರ್ಟ್ ಆಕ್ಷನ್ನನ್ನು (ನಳಿಗೆಯ ಹಿಂದೆ ಕೂರುವ, ಬೋಲ್ಟು ಓಡಾಡುವ ಉಕ್ಕಿನ ಮೈ) ಕಳುಹಿಸಿಕೊಟ್ಟೆ. ಒಪ್ಪಂದದ ಹಾಳೆಯಲ್ಲಿ ಇದ್ದದ್ದು ಇಷ್ಟು: ಆಕ್ಷನ್ನಿನ ಮುಖವನ್ನೂ ಬೋಲ್ಟಿನ ಲಗ್ಗುಗಳು (ಮುಚ್ಚಿದಾಗ ಅದನ್ನು ಬಿಗಿಹಿಡಿಯುವ ಉಬ್ಬುಗಳು) ಕೂರುವ ಜಾಗವನ್ನೂ ಲೇತಿನ ಮೇಲೆ ನೇರ ಮಾಡುವುದು, 24 ಇಂಚಿನ ದಪ್ಪನೆಯ ಸ್ಟೇನ್‌ಲೆಸ್ ನಳಿಗೆಗೆ .308 ವಿಂಚೆಸ್ಟರ್ ಎಂಬ ತೋಟಾದ ಚೇಂಬರ್ ಕೊರೆಯುವುದು. ವಾಲ್ನಟ್ ಸ್ಟಾಕಿಗೆ ಅಲ್ಯೂಮಿನಿಯಂ ಪಿಲ್ಲರುಗಳನ್ನಿಟ್ಟು ಎಪಾಕ್ಸಿ ಅಂಟಿನ ಬೆಡ್ಡಿಂಗ್ (ಆಕ್ಷನ್ ಅಲುಗದೆ ಕೂರುವ ಹಾಸು) ಮಾಡುವುದು. ಹಿಡಿಯ ಮೇಲೆ ಇಂಚಿಗೆ 20 ಗೆರೆಯ ಚೆಕರಿಂಗ್ (ಹಿಡಿತ ಜಾರದಂತೆ ಕೆತ್ತುವ ಅಡ್ಡಗೆರೆಗಳ ಜಾಲ) ಕೈಯಿಂದ ಕೆತ್ತುವುದು. 100 ಗಜದಲ್ಲಿ ಮೂರು ಗುಂಡುಗಳು ಅರ್ಧ ಇಂಚಿನೊಳಗೆ ಬೀಳುವ ಭರವಸೆ. ಎಂಟು ತಿಂಗಳ ಗಡುವು. ಅರ್ಧ ಹಣ ಮುಂಗಡ, ಅದೂ ಅವರ ಇಷ್ಟದಂತೆ ಚೆಕ್ಕಿನಲ್ಲಿ.

ಎಂಟು ತಿಂಗಳು ಕಳೆದ ಮೇಲೆ ಫೋನ್ ಮಾಡಿದಾಗಲೆಲ್ಲ ಒಂದೊಂದು ಕಾರಣ ಸಿಗುತ್ತಿತ್ತು. ಒಮ್ಮೆ ಮರ ಬಂದಿಲ್ಲ, ಇನ್ನೊಮ್ಮೆ ಚೇಂಬರ್ ಕೊರೆಯುವ ರೀಮರನ್ನು ಸಾಣೆಗೆ ಕಳುಹಿಸಿದ್ದೇವೆ, ಮತ್ತೊಮ್ಮೆ ಬಿಲ್ ಮಾಡುವವರು ರಜೆಯಲ್ಲಿದ್ದಾರೆ. ಊರಿನಿಂದ ಅಪ್ಪ ಪ್ರತಿ ಭಾನುವಾರ ಮಾತಿನ ಕೊನೆಗೆ, “ಕೋವಿ ಬಂತೇನೋ ಮಗ?” ಎಂದು ಕೇಳುತ್ತಿದ್ದರು. ತಡವಾಗುವುದನ್ನು ನಾನು ದೊಡ್ಡ ಅಪರಾಧವೆಂದು ಎಣಿಸುವುದಿಲ್ಲ. ಕೈಕೆಲಸ ತಡವಾಗುತ್ತದೆ, ಒಳ್ಳೆಯ ಕೈಗಳ ಮುಂದೆ ಸಾಲು ಉದ್ದವಿರುತ್ತದೆ. ಆ ನಂಬಿಕೆಯಿಂದಲೇ 2023ರ ಆಗಸ್ಟಿನವರೆಗೆ ಕಾದೆ.

ಮೊದಲ ದಿನದ ತಪಾಸಣೆ

ಪೆಟ್ಟಿಗೆ ತೆರೆದು ರೈಫಲು ಖಾಲಿಯಿದೆಯೆಂದು ಎರಡು ಸಲ ಖಚಿತಪಡಿಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದೆ. ಚೆಕರಿಂಗಿನ ಗೆರೆಗಳು ಬಲಗಡೆಯ ಅಂಚಿನಲ್ಲಿ ಆರು ಕಡೆ ಎಲ್ಲೆ ದಾಟಿ ನುಣುಪಾದ ಮರದ ಮೇಲೆ ಹರಿದಿದ್ದವು. ಭುಜಕ್ಕೆ ಒರಗುವ ರಬ್ಬರ್ ಪ್ಯಾಡು ಮರಕ್ಕಿಂತ ಹೊರಚಾಚಿ, ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲಾಗಿತ್ತು. ಇವು ಕಣ್ಣಿಗೆ ಕಾಣುವ ದೋಷಗಳು. ಮನಸ್ಸಿಗೆ ಬೇಸರ ತರುತ್ತವೆ, ಗುರಿಯನ್ನು ಕೆಡಿಸುವುದಿಲ್ಲ. ಆದರೆ ಹೊರಗೆ ಇಷ್ಟು ಅವಸರ ಮಾಡಿದ ಕೈ ಒಳಗೆ ಏನು ಮಾಡಿರಬಹುದು ಎಂಬ ಸಂಶಯ ಹುಟ್ಟಿದ್ದು ಅಲ್ಲಿಯೇ.

ಮಡಿಸದ ಒಂದು ಡಾಲರ್ ನೋಟನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಎಳೆದುಕೊಂಡು ಬಂದೆ. ನೋಟು ಸುಮಾರು 4 ಥೌ ದಪ್ಪ. (ಇಂಚಿನ ಸಾವಿರದ ಒಂದು ಪಾಲಿಗೆ ನಾವು ಟೂಲ್‌ರೂಮಿನಲ್ಲಿ ಥೌ ಎನ್ನುತ್ತಿದ್ದೆವು, ಇಲ್ಲಿಯೂ ಅದೇ ಮಾತು.) ನಳಿಗೆ ತನ್ನ ಪೂರ್ತಿ ಉದ್ದಕ್ಕೂ ಮರಕ್ಕೆ ತಗಲದೆ ಗಾಳಿಯಲ್ಲಿ ನಿಂತಿರಬೇಕು, ಏಕೆಂದರೆ ಗುಂಡು ಹಾರುವಾಗ ಅದು ತಂತಿಯಂತೆ ಅದುರುತ್ತದೆ, ಆ ಅದುರುವಿಕೆ ಪ್ರತಿ ಸಲವೂ ಒಂದೇ ರೀತಿ ಇದ್ದರೆ ಗುಂಡುಗಳು ಒಂದೇ ಕಡೆ ಬೀಳುತ್ತವೆ. ನನ್ನ ನೋಟು ಮರದ ತುದಿಯಿಂದ ನಾಲ್ಕು ಇಂಚು ಒಳಗೆ, ಬಲಬದಿಯಲ್ಲಿ ಸಿಕ್ಕಿ ನಿಂತುಬಿಟ್ಟಿತು.

ಬೋಲ್ಟಿನ ಹಿಡಿಯನ್ನು ಇಳಿಸುವಾಗ ಕೊನೆಯ ಕಾಲುಭಾಗದಲ್ಲಿ ಒಂದು ಬಿಗಿ ತಗಲುತ್ತಿತ್ತು. ಬೋಲ್ಟನ್ನು ಹೊರತೆಗೆದು ನೋಡಿದರೆ, ಮುಚ್ಚಿದಾಗ ಮೇಲಕ್ಕೆ ಬರುವ ಲಗ್ಗಿನ ಬೆನ್ನಿನ ಮೇಲೆ ಹೊಳೆಯುವ ಒಂದು ಕಮಾನುಗೀರು. ದುರ್ಬೀನಿನ ಬೇಸನ್ನು ಹಿಡಿದಿರುವ ತಿರುಪುಗಳಲ್ಲಿ ಒಂದು ಉದ್ದವಾಗಿ, ಆಕ್ಷನ್ನನ್ನು ತೂರಿ ಒಳಗೆ ಇಣುಕಿ, ಲಗ್ಗನ್ನು ಕೆರೆಯುತ್ತಿತ್ತು. ರೆಮಿಂಗ್‌ಟನ್ 700ಕ್ಕೆ ಬೇಸ್ ಕೂರಿಸುವವರು ಮೊದಲು ನೋಡಬೇಕಾದ ವಿಷಯವೇ ಇದು.

ತಿರುಪನ್ನು ಬಿಚ್ಚಿಟ್ಟು, ಬೋಲ್ಟಿನಿಂದ ತೋಟಾವನ್ನು ಸಿಡಿಸುವ ಫೈರಿಂಗ್ ಪಿನ್ನನ್ನೂ ಖಾಲಿ ತೋಟಾವನ್ನು ಹೊರತಳ್ಳುವ ಎಜೆಕ್ಟರನ್ನೂ ಕಳಚಿ ಹೆಡ್‌ಸ್ಪೇಸ್ ಅಳೆಯಲು ಕುಳಿತೆ. ಬೋಲ್ಟಿನ ಮುಖದಿಂದ ಚೇಂಬರಿನ ಭುಜದ (ಕುತ್ತಿಗೆಯ ಕಡೆ ಕಿರಿದಾಗುವ ಇಳಿಜಾರಿನ) ಮೇಲಿನ ನಿಗದಿತ ಬಿಂದುವಿನವರೆಗಿನ ಅಂತರವೇ ಹೆಡ್‌ಸ್ಪೇಸ್. .308 ವಿಂಚೆಸ್ಟರಿಗೆ ಗೋ ಗೇಜ್ 1.630 ಇಂಚು, ನೋ-ಗೋ 1.634, ಫೀಲ್ಡ್ 1.638. ಗೋ ಗೇಜಿನ ಮೇಲೆ ಬೋಲ್ಟು ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ನನ್ನದು ಎರಡರ ಮೇಲೂ ಮುಚ್ಚಿತು. ಬಳಸಿದ ರೈಫಲಿನ ಕೊನೆಯ ಮಿತಿಯಾದ ಫೀಲ್ಡ್ ಗೇಜಿನ ಮೇಲೆ ಮಾತ್ರ ಮುಚ್ಚದೆ ನಿಂತಿತು. ಗೋ ಗೇಜಿನ ಹಿಂಬದಿಗೆ ತಲಾ 2 ಥೌ ದಪ್ಪದ ಪಾರದರ್ಶಕ ಟೇಪಿನ ತುಣುಕುಗಳನ್ನು ಒಂದರ ಮೇಲೊಂದು ಅಂಟಿಸುತ್ತ ಹೋದೆ. ಮೂರನೆಯ ಪದರಕ್ಕೆ ಹಿಡಿ ಬಿಗಿಯಾಯಿತು. ಎಂದರೆ ಅಂತರ ಸುಮಾರು 1.636. ಈ ತೋಟಾದ ಒಳಗೆ ಹುಟ್ಟುವ ಒತ್ತಡದ ಮಿತಿ ಚದರ ಇಂಚಿಗೆ 62,000 ಪೌಂಡು. ಹೆಡ್‌ಸ್ಪೇಸ್ ಹೆಚ್ಚಿದ್ದರೆ ಹಿತ್ತಾಳೆಯ ಕೋಶ ಹಿಗ್ಗಿ ಬುಡದ ಹತ್ತಿರ ತೆಳ್ಳಗಾಗುತ್ತದೆ, ಒಡೆದರೆ ಬಿಸಿ ಅನಿಲ ಹೊಡೆಯುವವನ ಮುಖದ ಕಡೆಗೇ ಹಿಂತಿರುಗುತ್ತದೆ. ಬಳಸಿ ಸವೆದ ಹಳೆಯ ರೈಫಲಿನಲ್ಲಿ ಈ ಅಳತೆ ಕಂಡರೆ ಯೋಚಿಸಬೇಕಾದೀತು. ಹೊಸದಾಗಿ ಹೇಳಿ ಮಾಡಿಸಿದ ರೈಫಲಿನಲ್ಲಿ ಇದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಉತ್ತರಗಳು

ಅಳತೆಗಳನ್ನೆಲ್ಲ ಬರೆದು, ಚಿತ್ರಗಳನ್ನು ಸೇರಿಸಿ, ಮರ್ಯಾದೆಯಿಂದಲೇ ಪತ್ರ ಕಳುಹಿಸಿದೆ. ನಿಮ್ಮ ಗೇಜ್ ಸರಿಯಿಲ್ಲ, ಧೈರ್ಯವಾಗಿ ಗುಂಡು ಹೊಡೆದು ನೋಡಿ ಎಂಬ ಉತ್ತರ ಬಂತು. ಬೇರೆ ಕಂಪನಿಯ ಇನ್ನೊಂದು ಜೊತೆ ಗೇಜ್ ಕೊಂಡು ಅಳೆದೆ, ಫಲ ಅದೇ. ಅದನ್ನು ತಿಳಿಸಿದ ಮೇಲೆ, ಹಾಗಾದರೆ ವಾಪಸು ಕಳುಹಿಸಿ ಎಂದರು. ದುರಸ್ತಿಗೆಂದು ಮಾಲೀಕನೇ ನೇರವಾಗಿ ಪರವಾನಗಿದಾರರಿಗೆ ಕಳುಹಿಸಲೂ ಅವರು ಅದನ್ನು ನೇರವಾಗಿ ಮಾಲೀಕನಿಗೆ ಹಿಂತಿರುಗಿಸಲೂ ಇಲ್ಲಿನ ಕಾನೂನು ಅವಕಾಶ ಕೊಡುತ್ತದೆ. ಸೆಪ್ಟೆಂಬರಿನಲ್ಲಿ ನನ್ನದೇ ಖರ್ಚಿನಲ್ಲಿ ಕಳುಹಿಸಿದೆ.

11 ವಾರಗಳ ನಂತರ ರೈಫಲು ಬಂತು. ಉದ್ದದ ತಿರುಪನ್ನು ತುಂಡರಿಸಿದ್ದರು. ನಳಿಗೆ ತಗಲುತ್ತಿದ್ದ ಜಾಗದಲ್ಲಿ ಮರವನ್ನು ಉಳಿಯಿಂದ ಕೆರೆದು, ಅದಕ್ಕೆ ಎಣ್ಣೆಯನ್ನೂ ಹಚ್ಚದೆ, ಹಸಿ ಗಾಯದಂತೆ ಹಾಗೆಯೇ ಬಿಟ್ಟಿದ್ದರು. ಜೊತೆಯಲ್ಲಿ ಮೂರು ತೂತುಗಳಿದ್ದ ಒಂದು ಗುರಿಹಾಳೆ. ಅದರ ಮೇಲೆ ದಿನಾಂಕವಿಲ್ಲ, ರೈಫಲಿನ ಸಂಖ್ಯೆಯಿಲ್ಲ, ದೂರವಿಲ್ಲ. ಹೆಡ್‌ಸ್ಪೇಸಿನಲ್ಲಿ ಒಂದು ಥೌ ಬದಲಾವಣೆಯೂ ಇರಲಿಲ್ಲ. ಪರೀಕ್ಷಿಸಿದ್ದೇವೆ, ಎಲ್ಲ ಸರಿಯಿದೆ ಎಂದು ಒಂದು ಸಾಲಿನ ಚೀಟಿ.

ನನಗೆ ಅತ್ಯಂತ ನೋವು ಕೊಟ್ಟದ್ದು ಆ ಚೀಟಿ. ಲೇತಿನ ಮುಂದೆ ನಿಂತವರೆಲ್ಲರ ಕೈಯೂ ಒಮ್ಮೆಯಾದರೂ ತಪ್ಪುತ್ತದೆ. ನಾನೇ ಎಷ್ಟೋ ಜಾಬುಗಳನ್ನು ಸ್ಕ್ರ್ಯಾಪ್ ಮಾಡಿದ್ದೇನೆ. ಆದರೆ ಪೀಣ್ಯದಲ್ಲಿ ನಮ್ಮ ಮೇಸ್ತ್ರಿ ಒಂದು ಅಳತೆಯನ್ನು ಒಪ್ಪದಿದ್ದರೆ ತಾವೇ ಮೈಕ್ರೋಮೀಟರ್ ಹಿಡಿದು ಅಳೆದು, ಬಂದ ಸಂಖ್ಯೆಯನ್ನು ನಮ್ಮೆದುರು ಹೇಳುತ್ತಿದ್ದರು. ನಾನು ಕೇಳಿದ್ದೂ ಅದನ್ನೇ: ನಿಮ್ಮ ಗೇಜಿನಲ್ಲಿ ಎಷ್ಟು ಬಂತು? ಈ ಪ್ರಶ್ನೆಯನ್ನು ಮೂರು ಪತ್ರಗಳಲ್ಲಿ ಕೇಳಿದೆ. ಮೊದಲನೆಯದಕ್ಕೆ, ಹೇಳಿ ಮಾಡಿಸಿದ ಕೆಲಸಕ್ಕೆ ಹಣ ಹಿಂತಿರುಗಿಸುವ ಪದ್ಧತಿಯಿಲ್ಲ ಎಂಬ, ನಾನು ಕೇಳದ ಪ್ರಶ್ನೆಯ ಉತ್ತರ ಬಂತು. ಉಳಿದೆರಡಕ್ಕೆ ಉತ್ತರವೇ ಬರಲಿಲ್ಲ.

ಹಣದ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮುಂಗಡ ಚೆಕ್ಕಿನಲ್ಲಿ ಹೋಗಿತ್ತು. ಉಳಿದರ್ಧವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದೆ. ಬಿಲ್ಲಿನ ತಕರಾರನ್ನು ಲಿಖಿತವಾಗಿ ಸಲ್ಲಿಸಲು ಕಾನೂನು ಕೊಡುವ 60 ದಿನಗಳು ರೈಫಲು ಅವರ ಕಾರ್ಖಾನೆಯಲ್ಲಿ ಕುಳಿತಿದ್ದಾಗಲೇ ಮುಗಿದಿದ್ದವು. ಓಹಾಯೋದ ಸಣ್ಣ ವ್ಯಾಜ್ಯಗಳ ನ್ಯಾಯಾಲಯದ ಮಿತಿ 6,000 ಡಾಲರ್, ನನ್ನ ಮೊತ್ತ ಅದರೊಳಗೇ ಇತ್ತು. ಆದರೆ ಎದುರು ಪಕ್ಷ ಬೇರೆ ರಾಜ್ಯದ್ದಾದ್ದರಿಂದ ಅಲ್ಲಿಗೆ ಓಡಾಡುವ ಶಕ್ತಿ ನನಗಿರಲಿಲ್ಲ. ಇಂಥ ಕೆಲಸ ಮಾಡಿಸುವವರು ಚೆಕ್ಕಿನಲ್ಲಿ ಮುಂಗಡ ಕೊಡಬೇಡಿ, ದೋಷ ಕಂಡ ದಿನವೇ ಕಾರ್ಡಿನ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ.

ನಳಿಗೆಯ ಕೆಲಸ

ಚೇಂಬರ್ ಕೊರೆಯುವ ಸಾಧನಗಳು ನನ್ನ ಬಳಿ ಇಲ್ಲ. ಮನೆಯಿಂದ ಒಂದು ಗಂಟೆ ದೂರದಲ್ಲಿ, ಜೀವಮಾನವೆಲ್ಲ ಕಾರ್ಖಾನೆಯ ಡೈಗಳನ್ನು (ಅಚ್ಚುಗಳನ್ನು) ಮಾಡಿ ನಿವೃತ್ತರಾಗಿ ಈಗ ಪರವಾನಗಿ ಪಡೆದು ರೈಫಲುಗಳ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಅವರು ನನ್ನ ಪಟ್ಟಿಯನ್ನು ಓದಿ ಪಕ್ಕಕ್ಕಿಟ್ಟು, ಎಲ್ಲವನ್ನೂ ಮೊದಲಿನಿಂದ ತಾವೇ ಅಳೆದರು. ಹೆಡ್‌ಸ್ಪೇಸ್ ನನ್ನ ಅಂದಾಜಿಗೆ ಸರಿಹೊಂದಿತು. ಆಮೇಲೆ ಒಂದು ಹತ್ತಿಕಡ್ಡಿಯನ್ನು ನಳಿಗೆಯ ಬಾಯಿಗೆ ತೂರಿಸಿ, ಒಳಗಿನಿಂದ ಹೊರಕ್ಕೆ ಮೆಲ್ಲಗೆ ಎಳೆದು ನನ್ನ ಕೈಗೆ ಕೊಟ್ಟರು. ಅದರ ಒಂದೇ ಬದಿಯಲ್ಲಿ ಹತ್ತಿಯ ಎಳೆಗಳು ಕಿತ್ತು ಬಂದಿದ್ದವು. ಭೂತಗನ್ನಡಿಯಲ್ಲಿ ನೋಡಿದರೆ ಕ್ರೌನಿನ (ನಳಿಗೆಯ ಬಾಯಿಯ ಕತ್ತರಿಸಿದ ಮುಖದ) ಅಂಚಿನಲ್ಲಿ, ಕೆಳಗಿನ ಒಂದು ಲ್ಯಾಂಡಿನ (ನಳಿಗೆಯೊಳಗಿನ ಸುರುಳಿ ಏರಿನ) ಮೇಲೆ, ಕೂದಲೆಳೆಯಷ್ಟು ಸಣ್ಣ ಬರ್, ಎಂದರೆ ಲೋಹದ ಮುಳ್ಳು. ಗುಂಡು ನಳಿಗೆಯನ್ನು ಬಿಡುವ ಕೊನೆಯ ಕ್ಷಣದಲ್ಲಿ ಅದರ ಬುಡದ ಸುತ್ತಲಿಂದ ಅನಿಲ ಸಮವಾಗಿ ಹೊರಬರಬೇಕು. ಅಲ್ಲೊಂದು ಮುಳ್ಳಿದ್ದರೆ ಒಂದು ಕಡೆ ಮೊದಲು ನುಗ್ಗಿ ಗುಂಡನ್ನು ಓಲಿಸುತ್ತದೆ.

ನಳಿಗೆಯನ್ನು ಕಳಚಿ ಲೇತಿಗೆ ಕಟ್ಟಿ, ಒಳಗಿನ ರಂಧ್ರವನ್ನು ಆಧಾರವಾಗಿಟ್ಟುಕೊಂಡು ಇಂಡಿಕೇಟರ್ (ಕದಲಿಕೆಯನ್ನು ಅಳೆಯುವ ಮುಳ್ಳಿನ ಉಪಕರಣ) ಹಿಡಿದಾಗ, ಚೇಂಬರಿನ ಕುತ್ತಿಗೆ ಎರಡೂವರೆ ಥೌ ಓಡುತ್ತಿತ್ತು, ಎಂದರೆ ಚೇಂಬರ್ ರಂಧ್ರದ ನೇರಕ್ಕಿರಲಿಲ್ಲ. ಭುಜವನ್ನು ಒಂದಿಷ್ಟು ಹಿಂದೆ ಸರಿಸಿ ಹೆಡ್‌ಸ್ಪೇಸ್ ಮಾತ್ರ ಸರಿಪಡಿಸಬಹುದಿತ್ತು. ಆದರೆ ಓರೆಯಾದ ಚೇಂಬರಿನೊಳಗೆ ಮತ್ತೆ ರೀಮರ್ ಬಿಟ್ಟರೆ ಅದು ಹಳೆಯ ಓರೆಯನ್ನೇ ಹಿಂಬಾಲಿಸುತ್ತದೆ. ಹಳೆಯ ಚೇಂಬರನ್ನು ಪೂರ್ತಿ ಕತ್ತರಿಸಿ, ಆಕ್ಷನ್ನಿಗೆ ತಿರುಗಿಸಿ ಕೂರಿಸುವ ತಿರುಪುಸುತ್ತನ್ನು ಹೊಸದಾಗಿ ಕೊರೆದು, ಹೊಸ ಚೇಂಬರ್ ಮಾಡುವುದೆಂದು ಇಬ್ಬರೂ ಒಪ್ಪಿದೆವು. ಬಾಯಿಯ ಕಡೆಯೂ ಅರ್ಧ ಇಂಚು ತೆಗೆದು ಹೊಸ ಕ್ರೌನ್ ಕತ್ತರಿಸಿದರು. 24 ಇಂಚಿನ ನಳಿಗೆ 21.5 ಇಂಚಾಯಿತು. ಹಿಂದಿನ ತಯಾರಕರು ತಮ್ಮ ಹೆಸರನ್ನು ಕೆತ್ತಿದ್ದ ಭಾಗವೂ ಕತ್ತರಿಸಿದ ತುಂಡಿನಲ್ಲೇ ಹೋಯಿತು. ಅದರ ಜೊತೆ ಕ್ಯಾಲಿಬರಿನ ಗುರುತೂ ಹೋದದ್ದರಿಂದ ಅದನ್ನು ಮಾತ್ರ ಹೊಸದಾಗಿ ಕೆತ್ತಿಸಿದೆ. ಯಾವ ತೋಟಾ ಎಂಬುದು ನಳಿಗೆಯ ಮೇಲೆ ಇರಲೇಬೇಕು.

ಮೂರು ವಾರದಲ್ಲಿ ಕೆಲಸ ಮುಗಿಯಿತು, ತಗುಲಿದ್ದು 475 ಡಾಲರ್. ಬಿಲ್ಲಿನ ಹಿಂಬದಿಯಲ್ಲಿ ಅವರು ತಮ್ಮ ಅಳತೆಗಳನ್ನು ಪೆನ್ಸಿಲಿನಲ್ಲಿ ಬರೆದುಕೊಟ್ಟಿದ್ದರು. ಗೋ ಗೇಜಿನ ಮೇಲೆ ಬೋಲ್ಟು ಮುಚ್ಚಿತು, ಒಂದು ಪದರ ಟೇಪಿಗೆ ಬಿಗಿಯಾಯಿತು, ನೋ-ಗೋ ಮೇಲೆ ಹಿಡಿ ಅರ್ಧಕ್ಕೇ ನಿಂತಿತು.

ಬೆಡ್ಡಿಂಗ್

ಇದನ್ನು ನಾನೇ ಮಾಡಿದೆ. (ಇಲ್ಲಿ ತನ್ನ ಸ್ವಂತ ರೈಫಲಿನ ಕೆಲಸವನ್ನು ಮಾಲೀಕ ಮಾಡಿಕೊಳ್ಳಬಹುದು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ದುರಸ್ತಿಗೂ ಪರವಾನಗಿ ಬೇಕು. ಊರಿನಲ್ಲಿರುವವರು ಪರವಾನಗಿಯುಳ್ಳ ಕೆಲಸಗಾರರ ಬಳಿಗೇ ಹೋಗಬೇಕು.)

ಕೆಡವುವ ಮೊದಲು ಇದ್ದ ಸ್ಥಿತಿಯನ್ನು ಅಳೆದೆ. ಮರದ ತುದಿಗೆ ಡಯಲ್ ಇಂಡಿಕೇಟರನ್ನು ಕಟ್ಟಿ, ಅದರ ಮೊನೆ ನಳಿಗೆಯನ್ನು ಮುಟ್ಟುವಂತೆ ಇಟ್ಟು, ಆಕ್ಷನ್ನಿನ ಮುಂದಿನ ತಿರುಪನ್ನು ಮೆಲ್ಲಗೆ ಸಡಿಲಿಸಬೇಕು. ಬೆಡ್ಡಿಂಗ್ ಸರಿಯಿದ್ದರೆ ಮುಳ್ಳು 2 ಥೌಗಿಂತ ಹೆಚ್ಚು ಕದಲಬಾರದು. ನನ್ನದು 11 ಥೌ ಕದಲಿತು. ಕಾರಣ, ಆಕ್ಷನ್ನನ್ನು ಎತ್ತಿದ ಕೂಡಲೇ ಕಂಡಿತು. ಮುಂದಿನ ಪಿಲ್ಲರ್ 20 ಥೌ ಗಿಡ್ಡವಾಗಿತ್ತು. ತಿರುಪು ಬಿಗಿಸಿದಾಗ ಲೋಹ ಲೋಹವನ್ನು ಮುಟ್ಟುವ ಬದಲು ನಡುವಿನ ಮರ ಅದುಮಿಕೊಂಡು ಆಕ್ಷನ್ ಬಾಗುತ್ತಿತ್ತು. ಹಿಮ್ಮೆಟ್ಟಿನ ಬಲವನ್ನೆಲ್ಲ ಮರಕ್ಕೆ ದಾಟಿಸುವ ರಿಕಾಯಿಲ್ ಲಗ್ಗಿನ ಹಿಂಬದಿಯಲ್ಲಿ, ಎಲ್ಲಕ್ಕಿಂತ ಗಟ್ಟಿಯಾಗಿರಬೇಕಾದ ಜಾಗದಲ್ಲೇ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಗಾಳಿಗುಳಿ. ಒಳಗೆ ಎಪಾಕ್ಸಿ ತಲುಪಿಯೇ ಇರಲಿಲ್ಲ, ಮರದ ನಾರು ಕಾಣುತ್ತಿತ್ತು.

ಹಳೆಯ ಎಪಾಕ್ಸಿಯನ್ನು ಉಳಿಯಿಂದಲೂ ಸಣ್ಣ ಕೈಗ್ರೈಂಡರಿನಿಂದಲೂ ಎಂಟನೇ ಒಂದು ಇಂಚು ಆಳದವರೆಗೆ ತೆಗೆಯಲು ಎರಡು ಸಂಜೆ ಹಿಡಿಯಿತು. ಹೊಸ ಪಿಲ್ಲರನ್ನು ಸರಿಯಾದ ಉದ್ದಕ್ಕೆ ಕತ್ತರಿಸಿ, ಅದರ ತಲೆ ಆಕ್ಷನ್ನಿನ ದುಂಡಿಗೆ ಕೂರುವಂತೆ ಅರದಿಂದ ಉಜ್ಜಿದೆ. ಲಗ್ಗಿನ ಮುಂಭಾಗ, ಎರಡು ಬದಿ ಮತ್ತು ತಳಕ್ಕೆ ಟೇಪ್ ಹಚ್ಚಿದೆ. ಹಿಂಬದಿಗೆ ಹಚ್ಚಲಿಲ್ಲ, ಏಕೆಂದರೆ ಲಗ್ಗು ಮರವನ್ನು ಗಟ್ಟಿಯಾಗಿ ಒತ್ತಬೇಕಾದದ್ದು ಆ ಒಂದೇ ಮುಖದಿಂದ. ತಿರುಪಿನ ತೂತುಗಳನ್ನೂ ಟ್ರಿಗರಿನ ಜಾಗವನ್ನೂ ಮಕ್ಕಳು ಆಡುವ ಜೇಡಿಮಣ್ಣಿನಿಂದ ಮುಚ್ಚಿದೆ. ಬಣ್ಣವಿಲ್ಲದ ಶೂ ಪಾಲಿಶನ್ನು ಲೋಹದ ಮೇಲೆ ಮೂರು ಸಲ ಹಚ್ಚಿ ಒರೆಸಿದೆ. ಒಂದು ಮೂಲೆ ಬಿಟ್ಟುಹೋದರೂ ಆಕ್ಷನ್ನು ಶಾಶ್ವತವಾಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಉಕ್ಕಿನ ಪುಡಿ ಬೆರೆತ ಎಪಾಕ್ಸಿಯನ್ನು ಗುಳ್ಳೆ ಏಳದಂತೆ ನಿಧಾನವಾಗಿ ಕಲಸಿ, ಲಗ್ಗಿನ ಗುಳಿಗೆ ಮೊದಲು ತುಂಬಿ, ಅಲ್ಲಿ ಕಡ್ಡಿಯಿಂದ ಕುಟ್ಟಿ ಕುಟ್ಟಿ ಗಾಳಿ ಹೊರಡಿಸಿದೆ. ಹಿಂದಿನವರು ಬಿಟ್ಟದ್ದು ಈ ಎರಡು ನಿಮಿಷದ ಕೆಲಸವನ್ನೇ.

24 ಗಂಟೆ ಅದನ್ನು ಮುಟ್ಟಲಿಲ್ಲ. ಮರುದಿನ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಟಪ್ಪೆಂದು ಬಿಟ್ಟುಕೊಂಡಿತು. ಒಳಗಿನ ಮೈಯಲ್ಲಿ ಆಕ್ಷನ್ನಿನ ಮೇಲಿನ ಉಳಿಗೀರುಗಳೂ ಅಚ್ಚಾಗಿದ್ದವು. ಸಾಸಿವೆ ಗಾತ್ರದ ಎರಡು ಗುಳ್ಳೆಗಳು ಹಿಂಬದಿಯ ಅಂಚಿನಲ್ಲಿ ಉಳಿದಿವೆ. ಭಾರ ಬೀಳದ ಜಾಗವಾದ್ದರಿಂದ ಬಿಟ್ಟಿದ್ದೇನೆ. ಅಂಚುಗಳನ್ನು ಕೆರೆದು, ನಳಿಗೆಯ ಓಣಿಯನ್ನು ದುಂಡುಕೋಲಿಗೆ ಸುತ್ತಿದ ಉಪ್ಪುಕಾಗದದಿಂದ ನಯ ಮಾಡಿ, ಹಸಿಯಾಗಿದ್ದ ಮರಕ್ಕೆಲ್ಲ ತೆಳುವಾಗಿ ನಾಲ್ಕು ಸಲ ಎಣ್ಣೆ ಕುಡಿಸಿದೆ. ಸರೋವರದ ತೇವಗಾಳಿಗೆ ಎಣ್ಣೆ ಕಾಣದ ಮರ ಉಬ್ಬುತ್ತದೆ. ನಳಿಗೆ ಹಿಂದಕ್ಕೆ ಸರಿದದ್ದರಿಂದ ಅದಕ್ಕೂ ಮರಕ್ಕೂ ನಡುವಿನ ಸಂದು ಈಗ ಕಣ್ಣಿಗೆ ತುಸು ಅಗಲವಾಗಿ ಕಾಣುತ್ತದೆ. ಅದಕ್ಕೆ ಬೇರೆ ದಾರಿಯಿರಲಿಲ್ಲ.

ಆಕ್ಷನ್ನಿನ ತಿರುಪುಗಳನ್ನು ಟಾರ್ಕ್ ವ್ರೆಂಚಿನಿಂದ 65 ಇಂಚ್-ಪೌಂಡಿಗೆ ಬಿಗಿಸಿ ಮತ್ತೆ ಇಂಡಿಕೇಟರ್ ಕಟ್ಟಿದೆ. ಮುಂದಿನ ತಿರುಪು ಸಡಿಲಿಸಿದಾಗ ಮುಳ್ಳು ಒಂದೂವರೆ ಥೌ ಕದಲಿ ನಿಂತಿತು.

100 ಗಜದಲ್ಲಿ

2024ರ ಮೇ ತಿಂಗಳ ಒಂದು ಗಾಳಿಯಿಲ್ಲದ ಬೆಳಗ್ಗೆ ಕ್ಲಬ್ಬಿನ ಬೆಂಚಿನ ಮೇಲೆ ಮರಳಿನ ಚೀಲವಿಟ್ಟು ಕುಳಿತೆ. ಮೊದಲ ಮೂರು ಗುಂಡುಗಳನ್ನು ಒಂದೊಂದಾಗಿ ಹಾರಿಸಿ, ಪ್ರತಿ ಕೋಶವನ್ನೂ ಹೊರತೆಗೆದು, ಬುಡದ ಸುತ್ತ ಹೊಳೆಯುವ ಉಂಗುರವೇನಾದರೂ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿದೆ. ಹಿಗ್ಗಿದ ಹಿತ್ತಾಳೆಯ ಮೊದಲ ಗುರುತು ಅದು. ಮೂರೂ ಶುದ್ಧವಾಗಿದ್ದವು. ಆಮೇಲೆ 175 ಗ್ರೇನ್ ತೂಕದ ಗುಂಡಿನ ಕಾರ್ಖಾನೆ ತೋಟಾಗಳಲ್ಲಿ ಐದೈದು ಗುಂಡುಗಳ ಐದು ಗುಂಪು. ಕೇಂದ್ರದಿಂದ ಕೇಂದ್ರಕ್ಕೆ ಅಳೆದರೆ ಅತಿ ಚಿಕ್ಕದು 0.52 ಇಂಚು, ಅತಿ ದೊಡ್ಡದು 0.88. ಆ ದೊಡ್ಡ ಗುಂಪಿನಲ್ಲಿ ದೂರ ಬಿದ್ದ ಗುಂಡು ಟ್ರಿಗರಿನ ಮೇಲೆ ನನ್ನ ಬೆರಳು ಜರುಗಿದಾಗ ಹಾರಿದ್ದು. ಕೂಡಲೇ ಹಾಗೆಂದು ಬರೆದಿಟ್ಟುಕೊಂಡಿದ್ದೇನೆ. ಐದೂ ಹಾಳೆಗಳ ಮೇಲೆ ದಿನಾಂಕ, ದೂರ, ತೋಟಾ, ರೈಫಲಿನ ಸಂಖ್ಯೆ ಇವೆ. ಅವುಗಳ ಪ್ರತಿಯನ್ನು ಹಳೆಯ ತಯಾರಕರಿಗೂ, ಪೆನ್ಸಿಲಿನ ಅಳತೆಗಳಿದ್ದ ಬಿಲ್ಲಿನ ಪ್ರತಿಯ ಜೊತೆ, ಅಂಚೆಯಲ್ಲಿ ಕಳುಹಿಸಿದೆ.

60 ಗುಂಡುಗಳಾದ ಮೇಲೆ ತಿರುಪುಗಳನ್ನು ಪರೀಕ್ಷಿಸಿದಾಗ ಎರಡೂ 65ರಲ್ಲೇ ಇದ್ದವು. ಎಲ್ಲೆ ಮೀರಿದ ಚೆಕರಿಂಗ್ ಮಾತ್ರ ಇನ್ನೂ ಹಾಗೆಯೇ ಇದೆ. ಅದನ್ನು ಸರಿಪಡಿಸಲು ಅಂಚಿನ ಗೆರೆಯನ್ನೇ ಸುಮಾರು ಎರಡು ಮಿಲಿಮೀಟರ್ ಹೊರಕ್ಕೆ ಸರಿಸಿ ಅಗಲವಾಗಿ ಕೆತ್ತಬೇಕು, ಒಮ್ಮೆ ಕೈ ಜಾರಿದರೆ ಮತ್ತೆ ತುಂಬುವಂತಿಲ್ಲ. ವಾಲ್ನಟ್ಟಿನ ಒಂದು ಒಡಕು ಹಲಗೆ ತಂದು, ಅದರ ಮೇಲೆ ಕಟ್ಟರ್ ಹಿಡಿದು ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಮಾಡುತ್ತಿದ್ದೇನೆ. ನೇರ ಗೆರೆಗಳು ಬರುತ್ತಿವೆ. ತಿರುವಿನಲ್ಲಿ ಕೈ ಇನ್ನೂ ಹೊರಕ್ಕೆ ಎಳೆಯುತ್ತದೆ.